ಎಡಗೈ ತಗಡಿಗೆ ತಾಗಿದರೆ ಮಾತು

ಬೆಳಗಿನ ಐದೂಕಾಲು. ಚಳ್ಳಕೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಇನ್ನೂ ಮಬ್ಬು. ಹೋಟೆಲಿನ ಒಲೆ ಹೊತ್ತಿದೆ, ಹಾಲು ಬಂದಿಲ್ಲ. ಹಸಿರು ಬಣ್ಣ ಮಾಸಿದ ಹಳೆಯ ಬಸ್ಸಿನ ಹಿಂಬಾಗಿಲ ಪಕ್ಕ, ತಲೆಗೆ ಟವೆಲ್ ಸುತ್ತಿಕೊಂಡ ತೆಳ್ಳನೆಯ ಮನುಷ್ಯರೊಬ್ಬರು ನಿಂತಿದ್ದಾರೆ. ಎಡಗೈ ಎತ್ತಿ ಬಸ್ಸಿನ ತಗಡಿಗೆ ಬಡಿಯುತ್ತಾರೆ. ಎರಡು ಗಿಡ್ಡ ಏಟು, ಒಂದು ಎಳೆದ ಏಟು. ಮೂರನೆಯ ಏಟಿನ ಮೇಲೆಯೇ ಬಾಯಿ ತೆರೆದುಕೊಳ್ಳುತ್ತದೆ.

“ಜಾಜೂರ್, ಚೌಳೂರ್, ಪರಶ್ರಾಂಪುರಾ! ಸೀಟೈತೆ ಬರ್ರೀ, ಸೀಟೈತೆ ಬರ್ರೀ, ಪರಶ್ರಾಂಪುರಾ!”

ದನಿ ದೊಡ್ಡದು, ಒಂದು ಕಡೆಯೂ ತಡೆಯುವುದಿಲ್ಲ. ಈರುಳ್ಳಿ ಸಸಿಯ ಚೀಲ ಹೊತ್ತ ಹೆಂಗಸೊಬ್ಬರು ಹತ್ತಿರ ಬಂದು ಕೇಳುತ್ತಾರೆ. “ಎಷ್ಟೊತ್ತಿಗೆ ಬಿಡ್ತೈತಣ್ಣಾ?” ಅವರು ತಗಡಿನಿಂದ ಕೈ ತೆಗೆದು, ಹೆಂಗಸಿನ ಕಡೆ ತಿರುಗಿ, ಉತ್ತರ ಹೇಳಲು ಹೋಗುತ್ತಾರೆ. “ಆ... ಆ...” ಕುತ್ತಿಗೆಯ ನರ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ದವಡೆ ನಡುಗುತ್ತದೆ. ಮಾತು ಬರುವುದಿಲ್ಲ. ಹೆಂಗಸು ಪಕ್ಕದವರಿಗೆ ಹೇಳುತ್ತಾರೆ: “ಬೆಳಗ್ಗೆ ಬೆಳಗ್ಗೇನೇ ಹಾಕ್ಕಂಡೈತೆ, ನೋಡು.”

ಟವೆಲ್ ಸುತ್ತಿದವರು ಮತ್ತೆ ಬಸ್ಸಿನ ಕಡೆ ತಿರುಗುತ್ತಾರೆ. ಎರಡು ಗಿಡ್ಡ, ಒಂದು ಎಳೆತ. “ಆರೂ ಹತ್ತಕ್ ಬಿಡ್ತೈತೆ, ಆರೂ ಹತ್ತಕ್ ಬಿಡ್ತೈತೆ, ಕುಂತ್ಕೋ ಬಾರವ್ವಾ!”

“ಮೊದ್ಲೇ ಹಂಗ್ ಹೇಳಕ್ಕೇನಾಗಿತ್ತು?” ಎಂದು ಬೈಯುತ್ತಲೇ ಹೆಂಗಸು ಬಸ್ಸು ಹತ್ತುತ್ತಾರೆ.

ಇವರ ಹೆಸರು ಹೊನ್ನೂರಸ್ವಾಮಿ. ವಯಸ್ಸು ಐವತ್ತೆರಡು. ನಿಲ್ದಾಣದಲ್ಲಿ ಈ ಹೆಸರು ಗೊತ್ತಿರುವವರು ಮೂರು ನಾಲ್ಕು ಜನ ಇರಬಹುದು. ಉಳಿದವರಿಗೆ ಇವರು ‘ತಗಡಪ್ಪ’. ಆ ಹೆಸರನ್ನು ಬರೆಯಬಹುದೇ ಎಂದು ಕೇಳಿದೆ. ನಕ್ಕು, ಬರಿ ಎಂದು ಕೈಸನ್ನೆ ಮಾಡಿದರು. ಸ್ವಂತ ಹೆಸರು ಹೇಳುವುದೇ ಇವರಿಗೆ ಎಲ್ಲಕ್ಕಿಂತ ಕಷ್ಟ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಹೆಸರು ಕೇಳಿದರೆ ಕಾರ್ಡನ್ನೇ ಮುಂದೆ ಹಿಡಿಯುತ್ತಾರೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಈ ಲೇಖನದಲ್ಲಿ ಹೊನ್ನೂರಸ್ವಾಮಿಯವರು ಆಡಿದ ಮಾತುಗಳಲ್ಲಿ ಉಗ್ಗನ್ನು ಎಲ್ಲ ಕಡೆ ಅಚ್ಚು ಹಾಕಿಲ್ಲ. ಹಾಕಿದರೆ ತಮಾಷೆಯಾದೀತೆಂಬ ಹೆದರಿಕೆ. ಆದರೆ ಒಂದೊಂದು ವಾಕ್ಯಕ್ಕೂ ಅರ್ಧ ನಿಮಿಷ, ಕೆಲವಕ್ಕೆ ಅದಕ್ಕಿಂತ ಹೆಚ್ಚು ಹಿಡಿದಿದೆ ಎಂದು ಓದುವವರು ಸೇರಿಸಿಕೊಳ್ಳಬೇಕು. ಮೊದಲ ದಿನ ತಾಳ್ಮೆಗೆಟ್ಟು ಅವರ ಎರಡು ವಾಕ್ಯಗಳನ್ನು ನಾನೇ ಮುಗಿಸಿದೆ. ಎರಡೂ ತಪ್ಪಾಗಿದ್ದವು.

ಬಸ್ಸಿಗೆ ಜನ ಕೂಗುವುದು ಇವರ ಕೆಲಸ. ಬೆಳಗಿನ ಐದರಿಂದ ಮಧ್ಯಾಹ್ನ ಎರಡರವರೆಗೆ. ಮೊದಲು ದಿನಕ್ಕೆ ಹದಿನೆಂಟು ಟ್ರಿಪ್ ಕೂಗುತ್ತಿದ್ದರು. ಒಂದು ಟ್ರಿಪ್ಪಿಗೆ ಏನಿಲ್ಲವೆಂದರೂ ಇನ್ನೂರು ಏಟು. ಹಿಂದೂಪುರ, ಕಲ್ಯಾಣದುರ್ಗದ ಕಡೆಯವರು ಬಂದು “ಎಪ್ಪುಡು ಪೋತುಂದಿ?” ಎಂದು ಬಸ್ಸು ಹೊರಡುವ ಹೊತ್ತು ಕೇಳಿದರೆ ತೆಲುಗಿನಲ್ಲಿಯೇ ಕೂಗುತ್ತಾರೆ. “ಅದ್ರಾಗೂ ತಗಡು ಬೇಕು. ನನಗೆ ಎಲ್ಡ್ ಭಾಷೆ ಬರ್ತಾವೆ, ಎಲ್ಡ್ರಾಗೂ ಉಗ್ಗ್ತೀನಿ” ಎನ್ನುತ್ತಾರೆ. ಅವರ ಎಡ ಅಂಗೈ ಮುಟ್ಟಿ ನೋಡಿದೆ. ಎಣ್ಣೆ ಗಾಣದ ಕಟ್ಟಿಗೆಯ ಹಾಗೆ ಗಟ್ಟಿ. ಬಲ ಅಂಗೈ ಮೆತ್ತಗಿದೆ.

ಈಗ ದಿನಕ್ಕೆ ಮೂರೇ ಟ್ರಿಪ್. ಈ ಒಂದು ಹಳೇ ಬಸ್ಸಿನವು. ಅದೂ ಈ ತಿಂಗಳ ಕೊನೆಯವರೆಗೆ. ಬಸ್ಸಿಗೆ ಹದಿನೈದು ವರ್ಷ ತುಂಬುತ್ತಿದೆ, ಗುಜರಿಗೆ ಹೋಗುತ್ತದೆ. ಅದು ಹೋದ ಮೇಲೆ ಹೊನ್ನೂರಸ್ವಾಮಿ ಬಡಿಯಲು ಈ ನಿಲ್ದಾಣದಲ್ಲಿ ತಗಡಿಲ್ಲ. ಬಡಿಯದಿದ್ದರೆ ಅವರ ಬಾಯಲ್ಲಿ ಮಾತಿಲ್ಲ.

ಹುಟ್ಟಿದ್ದು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿ. ಈಗ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲೊಂದರ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಹೆಂಡತಿ ಮಂಜಮ್ಮ ಅದೇ ಮಿಲ್ಲಿನಲ್ಲಿ ಶೇಂಗಾ ಆರಿಸುತ್ತಾರೆ. ಜೊತೆಗೆ ತಾಯಿ, ಎಪ್ಪತ್ತೇಳರ ದುರುಗಕ್ಕ. ಕಣ್ಣಿಗೆ ಪೊರೆ ಬಂದಿದೆ, ಕಿವಿ ಚುರುಕಾಗಿದೆ.

ದುರುಗಕ್ಕನ ಬಳಿ ಕುಳಿತು ಮಗನ ಬಾಲ್ಯ ಕೇಳಿದೆ. ಕೇಳಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು.

“ಹುಟ್ಟಾ ಎಡಚ ಕಣಪ್ಪಾ ಇವ್ನು. ಏನ್ ಕೊಟ್ರೂ ಎಡಗೈ ಚಾಚೋದು. ಅವರಪ್ಪನ ತಮ್ಮನ ಮದುವ್ಯಾಗೆ ಪಂಕ್ತಿಗೆ ಕುಂತು ಎಡಗೈಯಾಗೆ ಉಂಡ. ಎದುರಿಗಿದ್ದ ಬೀಗ್ರು ಎಲೆ ಬಿಟ್ಟು ಎದ್ರು. ಅವತ್ತು ಇವರಪ್ಪ ನನಗೆ ಬಡದ, ಇವ್ನಿಗಲ್ಲ. ಮಗೀಗೆ ಕೈ ಕಲಿಸ್ಲಿಲ್ಲ ಅಂತ. ಮರುದಿನ ಹಳೇ ಸೀರೆ ಅಂಚು ಹರಿದು, ಎಡಗೈನ ಉಡಿದಾರಕ್ಕೆ ಕಟ್ಟಿದೆ. ಎಲ್ಡ್ ದೀವಳಿಗೆ ಕಟ್ಟೇ ಇದ್ದೆ. ಬಿಚ್ಚಿದಾಗ ಬಲಗೈಯಾಗೆ ಉಣ್ಣೋದು ಕಲ್ತಿದ್ದ. ನಾಲಿಗೆ ಸಿಕ್ಕಾಕ್ಕಂಡಿತ್ತು.”

ಆಮೇಲೆ ಗುಡಿಯ ಗಂಟೆಗೆ ಎರೆದ ನೀರು ಕುಡಿಸಿದರು. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದರು. ಬಾಯಲ್ಲಿ ಹರಳುಕಲ್ಲು ಇಟ್ಟು ಮಾತಾಡಿಸಿದರು, ಒಂದು ಸಲ ಹರಳು ನುಂಗಿಯೇಬಿಟ್ಟ. ಶಾಲೆಯಲ್ಲಿ ಹಾಜರಿ ಕೂಗಿದಾಗ ಹುಡುಗನ ಬಾಯಿಂದ “ಬಂದೀನಿ” ಹೊರಡುವಷ್ಟರಲ್ಲಿ ಮೇಷ್ಟ್ರು ಮುಂದಿನ ಎರಡು ಹೆಸರು ದಾಟಿರುತ್ತಿದ್ದರು. ವರ್ಷವಿಡೀ ಶಾಲೆಗೆ ಹೋದರೂ ಪುಸ್ತಕದಲ್ಲಿ ಗೈರುಹಾಜರಿ. ಐದನೆಯ ಕ್ಲಾಸಿಗೆ ಬಿಟ್ಟರು.

ಇಪ್ಪತ್ತೊಂದರ ವಯಸ್ಸಿಗೆ ಚಳ್ಳಕೆರೆಗೆ ಬಂದು ಬಸ್ಸೊಂದಕ್ಕೆ ಕ್ಲೀನರ್ ಆಗಿ ಸೇರಿದರು. ಬಸ್ಸು ಹಿಂದಕ್ಕೆ ಬರುವಾಗ ಕ್ಲೀನರ್ ಹಿಂದೆ ನಿಂತು ತಗಡಿಗೆ ತಟ್ಟುತ್ತಾ ‘ಬರ್ಲಿ, ಬರ್ಲಿ’ ಎನ್ನಬೇಕು. ಇವರು ಬಲಗೈಯಲ್ಲಿ ಸುಮ್ಮನೆ ತಟ್ಟುತ್ತಿದ್ದರು, ಮಾತಿಲ್ಲ. ಒಂದು ದಿನ ಬೆಳಿಗ್ಗೆ ಇದೇ ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ಬರುತ್ತಿದೆ. ಚಕ್ರದ ಹಿಂದೆ ಅಜ್ಜಿಯೊಬ್ಬರು ಬಿದ್ದ ಎಲೆಅಡಿಕೆ ಚೀಲ ಹುಡುಕುತ್ತಾ ಬಗ್ಗಿದ್ದಾರೆ.

“ನಿಲ್ಸು ಅನ್ನಾಕೆ ಬಾಯಿ ತೆಗದೆ. ನ... ನ... ಅಲ್ಲೇ ನಿಂತೋತು. ಬಲಗೈ ಏಣಿ ಹಿಡ್ದಿತ್ತು. ಗೊತ್ತಿಲ್ದಂಗೆ ಎಡಗೈ ಹೋಗಿ ತಗಡಿಗೆ ಬಡೀತು. ಬಡೀತಿದ್ದಂಗೇ ‘ನಿಲ್ಸಲೇ, ನಿಲ್ಸಲೇ, ನಿಲ್ಸಲೇ’ ಅಂತ ಬಂತು. ಯಾರೋ ಬೇರೇರು ಕೂಗಿದ್ರು ಅಂದ್ಕಂಡೆ.”

ಅಜ್ಜಿ ಉಳಿದರು. ಹೊನ್ನೂರಸ್ವಾಮಿ ಆ ದಿನವೆಲ್ಲ ಬಸ್ಸಿಗೆ ಬಡಿಯುತ್ತಾ ಊರುಗಳ ಹೆಸರು ಹೇಳುತ್ತಾ ಇದ್ದರಂತೆ, ಹುಚ್ಚು ಹಿಡಿದಿದೆ ಎಂದು ಡ್ರೈವರ್ ಹೆದರುವವರೆಗೆ. ಅಲ್ಲಿಂದ ಮೂವತ್ತೊಂದು ವರ್ಷ ಕೂಗಿದ್ದಾರೆ.

ಇದು ಹೇಗೆ ಸಾಧ್ಯ? ತಿಂಗಳಿಗೊಮ್ಮೆ ಚಳ್ಳಕೆರೆಯ ಶಿಬಿರಕ್ಕೆ ಬರುವ ವಾಕ್ ತಜ್ಞೆ ಜ್ಯೋತಿಲಕ್ಷ್ಮಿಯವರನ್ನು ಕೇಳಿದೆ. ತಪ್ಪು ಬರೆಯಬಾರದೆಂದು ಈ ಭಾಗವನ್ನು ಅವರಿಗೆ ಎರಡು ಸಲ ಓದಿ ಹೇಳಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಅದು ನನ್ನ ತಿಳಿವಳಿಕೆಯದು.

ಅವರು ಮೇಜಿನ ಮೇಲಿದ್ದ ಶೇಂಗಾ ಬೀಜವೊಂದನ್ನು ಸಿಪ್ಪೆ ತೆಗೆದು ಎರಡು ಬೇಳೆ ಮಾಡಿ ತೋರಿಸಿದರು. ಮಿದುಳಿಗೂ ಹೀಗೆ ಎಡ, ಬಲ ಎಂದು ಎರಡು ಪಾಲು. ಎಡ ಪಾಲು ಬಲಗೈಯನ್ನು ಆಡಿಸುತ್ತದೆ, ಬಲ ಪಾಲು ಎಡಗೈಯನ್ನು. ಮಾತಿನ ಕೆಲಸ ಹೆಚ್ಚಿನವರಲ್ಲಿ ಎಡ ಪಾಲಿನದು. ಎಡಚರಲ್ಲೂ ಬಹಳಷ್ಟು ಜನರಿಗೆ ಹಾಗೆಯೇ, ಕೆಲವರಲ್ಲಿ ಮಾತ್ರ ಬಲ ಪಾಲಿಗೆ ಅಥವಾ ಎರಡಕ್ಕೂ ಹಂಚಿರುತ್ತದೆ. ಉಗ್ಗುವವರು ಮಾತಾಡುವಾಗ ಮಿದುಳಿನ ಚಿತ್ರ ತೆಗೆದು ನೋಡಿದರೆ, ಬಲ ಪಾಲು ಬೇರೆಯವರಿಗಿಂತ ಹೆಚ್ಚು ದುಡಿಯುವುದು ಕಂಡಿದೆ.

“ಅದು ಅಡ್ಡ ಬಂದು ಮಾತು ಕೆಡಿಸುತ್ತಿದೆಯೋ, ಸೋತ ಎಡ ಪಾಲಿಗೆ ಹೆಗಲು ಕೊಡಲು ಬಂದಿದೆಯೋ, ಇನ್ನೂ ಖಚಿತವಿಲ್ಲ. ಹೆಗಲು ಕೊಡುತ್ತಿದೆ ಎನ್ನುವವರು ಹೆಚ್ಚು. ಆದರೆ ತಾಳಕ್ಕೆ ಕಟ್ಟಿದ ಮಾತು, ಹಾಡು, ಎಲ್ಲರ ಜೊತೆ ಸೇರಿ ಹೇಳುವ ಪ್ರಾರ್ಥನೆ, ಇವುಗಳಲ್ಲಿ ಹೆಚ್ಚಿನವರಿಗೆ ಉಗ್ಗು ಬಹಳ ಕಡಿಮೆಯಾಗುತ್ತದೆ. ಹೊರಗಿನಿಂದ ಒಂದು ತಾಳ ಸಿಕ್ಕರೆ ಮಾತು ಅದನ್ನು ಹಿಡಿದು ನಡೆಯುತ್ತದೆ. ಅವರು ಮೂವತ್ತು ವರ್ಷದ ಹಿಂದೆ ತಮ್ಮಷ್ಟಕ್ಕೆ ಕಂಡುಕೊಂಡಿದ್ದು ಅದನ್ನೇ.”

ಎಡಗೈಯೇ ಯಾಕೆ? “ಅಭ್ಯಾಸ ಇರಬಹುದು. ಅವರ ನಿಜವಾದ ಕೈ ಅದೇ ಆಗಿರುವುದರಿಂದ ತಾಳ ತಪ್ಪದೆ ಬೀಳುತ್ತಿರಬಹುದು. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.”

ಕೈ ಕಟ್ಟಿದ್ದಕ್ಕೆ ಉಗ್ಗು ಬಂತೇ? “ಹಾಗೆಂದು ಹಿಂದೆ ನಂಬಿದ್ದರು. ಆಮೇಲಿನ ಅಧ್ಯಯನಗಳಲ್ಲಿ ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಬಲಗೈಯವರಲ್ಲೂ ಉಗ್ಗುವವರು ಬೇಕಾದಷ್ಟಿದ್ದಾರೆ. ಉಗ್ಗು ಸಾಮಾನ್ಯವಾಗಿ ಶುರುವಾಗುವುದೇ ಮಕ್ಕಳಿಗೆ ಕೈ ತಿದ್ದುವ ಆ ವಯಸ್ಸಿನಲ್ಲಿ. ಮಗುವಿಗೆ ಅದು ಹಿಂಸೆಯಂತೂ ಹೌದು, ಮಾಡಬಾರದು. ಆದರೆ ಈ ತಾಯಿಯಿಂದಲೇ ಬಂತೆಂದು ಯಾರೂ ಹೇಳಲಾಗದು.”

ಈ ಮಾತನ್ನು ದುರುಗಕ್ಕನಿಗೆ ಮುಟ್ಟಿಸಿದೆ. ಸಮಾಧಾನವಾದೀತು ಎಂದುಕೊಂಡಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿ ಕೇಳಿದರು: “ನನ್ನಿಂದ ಅಲ್ಲ ಅಂತಾನೂ ಹೇಳ್ಲಿಲ್ಲ ಅಲ್ವೇನಪ್ಪಾ ಆಯಮ್ಮ?”



ಈಗಿನ ತೊಂದರೆ ಶುರುವಾದದ್ದು ಆರು ತಿಂಗಳ ಹಿಂದೆ. ಈ ಮಾರ್ಗದ ಬಸ್ಸುಗಳ ಮಾಲೀಕ ಓಂಕಾರಮೂರ್ತಿ ಮೂರು ಹೊಸ ಬಸ್ಸು ತಂದರು. ಬಿಳಿ ಬಣ್ಣ, ಎರಡೂ ಪಕ್ಕಕ್ಕೆ ಅವರ ಮನೆದೇವರ ದೊಡ್ಡ ಚಿತ್ರ. ಹಿಂಬಾಗಿಲ ಪಕ್ಕ, ಸರಿಯಾಗಿ ಹೊನ್ನೂರಸ್ವಾಮಿಯವರ ಕೈ ಬೀಳುವ ಜಾಗದಲ್ಲಿ ದೇವರ ಮುಖ. ಮೊದಲ ದಿನವೇ ಪ್ರಯಾಣಿಕರು ಜಗಳ ತೆಗೆದರು. ದೇವರ ಮುಖಕ್ಕೆ ಎಡಗೈಯಲ್ಲಿ ಹೊಡೆಯುವುದೇ!

ಓಂಕಾರಮೂರ್ತಿ ಕೆಟ್ಟವರಲ್ಲ. ಗದ್ದಲವಾದ ದಿನವೇ ಇವರನ್ನು ಬಿಡಿಸಬಹುದಿತ್ತು, ಬಿಡಿಸಲಿಲ್ಲ. “ಮುಂದಕ್ಕೆ ಹೋಗಿ ಬಡಿ ಅನ್ಬೋದಿತ್ತು. ಆದ್ರೆ ಇಡೀ ಬಸ್ಸೇ ದೇವ್ರ ಹೆಸರಿನಾಗೈತಲ್ರೀ, ಎಲ್ಲಿ ಬಡದ್ರೂ ಎಡಗೈ ಎಡಗೈಯೇ. ಬಲಗೈಯಾಗೆ ಬಡಿ ಮಾರಾಯ, ಯಾರ್ ಬ್ಯಾಡ ಅಂತಾರೆ ಅಂದೆ. ಅದಕ್ಕೂ ಇಲ್ಲ. ಉಣ್ಣೋದು ಬಲಗೈಯಾಗೆ, ಬರಿಯೋದು ಬಲಗೈಯಾಗೆ, ನನ್ನ ಬಸ್ಸು ಬಡಿಯಾಕೆ ಮಾತ್ರ ಎಡಗೈ! ಹಠ ಅನ್ನದೆ ಇನ್ನೇನನ್ಲಿ?”

ಹಠವಲ್ಲವೆಂದು ಹೇಳಲು ಹೊನ್ನೂರಸ್ವಾಮಿ ಅವರ ಮುಂದೆ ನಿಂತದ್ದುಂಟು. “ಕೈ” ಎಂಬ ಮೊದಲ ಅಕ್ಷರದಲ್ಲಿಯೇ ಸಿಕ್ಕಿಕೊಂಡರು. ಅಷ್ಟರಲ್ಲಿ ಮಾಲೀಕರ ಫೋನು ಬಡಿದುಕೊಂಡಿತು. ಮಾತಾಡಿ ಮುಗಿಸಿ ತಿರುಗಿ ನೋಡಿದಾಗ ಇವರು ಇರಲಿಲ್ಲ.

ದಾರಿಗಳನ್ನು ಇವರೂ ಹುಡುಕಿದ್ದಾರೆ. ತೊಡೆಗೆ ಬಡಿದುಕೊಂಡರು. ಸದ್ದು ಸಾಲಲಿಲ್ಲ, ತೊಡೆ ಮಾತ್ರ ಕಂದಿತು. ಮನೆಯ ಸ್ಟೀಲ್ ಪಾತ್ರೆ ಕಿಣಿಕಿಣಿ ಎನ್ನುತ್ತದೆ, ಅದರ ಮೇಲೆ ಮಾತು ಕೂರುವುದಿಲ್ಲ. ಕೊನೆಗೆ ಮಂಜಮ್ಮ ಮಿಲ್ಲಿನಿಂದ ಒಂದು ಖಾಲಿ ಎಣ್ಣೆ ಡಬ್ಬ ತಂದುಕೊಟ್ಟರು. ಅದು ಅರ್ಧ ಕೆಲಸ ಮಾಡಿತು. ಹಗ್ಗ ಕಟ್ಟಿ ಕೊರಳಿಗೆ ಹಾಕಿಕೊಂಡು ಎರಡು ದಿನ ಕೂಗಿದರು, ನಡುನಡುವೆ ತಡೆದು, ಮತ್ತೆ ಹಿಡಿದು. ಎರಡನೆಯ ದಿನ ಮಧ್ಯಾಹ್ನ ಬಸ್ಸು ಹತ್ತುವ ಮುಂಚೆ ಒಬ್ಬ ಮುದುಕರು ಡಬ್ಬದೊಳಕ್ಕೆ ಐದು ರೂಪಾಯಿ ನಾಣ್ಯ ಹಾಕಿ ಕೈಮುಗಿದು ಹೋದರು.

“ಮನೆಗೆ ಬಂದ್ರು, ಡಬ್ಬ ಹಿತ್ತಲಾಗೆ ಬಿಸಾಕಿದ್ರು, ಉಣ್ಲಿಲ್ಲ” ಎನ್ನುತ್ತಾರೆ ಮಂಜಮ್ಮ. “ಆ ನಾಣ್ಯ ಅದ್ರಾಗೇ ಐತೆ. ಮುಟ್ಟಿಲ್ಲ ನಾವು.”

ಕಳೆದ ಸೋಮವಾರ ಕಡೆಯ ಪರೀಕ್ಷೆಯಾಯಿತು. ಹೊಸ ಬಸ್ಸಿನ ಹತ್ತು ಗಂಟೆಯ ಟ್ರಿಪ್ಪನ್ನು ಬಲಗೈ ಬಡಿದೋ ಏನೂ ಬಡಿಯದೆಯೋ ಕೂಗಿ ತೋರಿಸಿದರೆ ಎಂದಿನಂತೆ ಕೆಲಸ, ಇಲ್ಲವಾದರೆ ಹಳೇ ಬಸ್ಸು ಇರುವವರೆಗೆ ಮಾತ್ರ. ಓಂಕಾರಮೂರ್ತಿ ತಾವೇ ಬಂದು ಹೋಟೆಲಿನ ಬೆಂಚಿನ ಮೇಲೆ ಕುಳಿತರು. ಹೊನ್ನೂರಸ್ವಾಮಿ ಬಲಗೈ ಎತ್ತಿದರು. ಏಟು ಒಂದು ಬೇಗ ಬೀಳುತ್ತದೆ, ಒಂದು ತಡವಾಗಿ ಬೀಳುತ್ತದೆ. “ಪ” ಎಂದು ತುಟಿ ಅಂಟಿತು. ಬಿಡಲಿಲ್ಲ. ಎಡಗೈ ತಾನಾಗಿ ಮೇಲೇಳುತ್ತಿತ್ತು. ಏಳದಂತೆ ಅದನ್ನು ಬೆನ್ನ ಹಿಂದೆ ಒಯ್ದು, ಲುಂಗಿಯ ಗಂಟಿನೊಳಕ್ಕೆ ಬೆರಳು ತೂರಿಸಿ ನಿಲ್ಲಿಸಿಕೊಂಡರು. ಪಕ್ಕದಲ್ಲಿ ಶೇರ್ ಆಟೋದವರು ಗಂಟಲು ಬಿಟ್ಟು ಕೂಗಿ ಜನ ತುಂಬಿಕೊಂಡರು. ಕಾಲೇಜು ಹುಡುಗರಿಬ್ಬರು ಮೊಬೈಲು ಎತ್ತಿ ಹಿಡಿದರು. ಹಳೇ ಬಸ್ಸಿನ ಡ್ರೈವರ್ ವೀರೇಶ ಅವರನ್ನು ಗದರಿಸಿ ಓಡಿಸಿದರು. ಹತ್ತಕ್ಕೆ ಬಸ್ಸು ಹೊರಟಾಗ ಒಳಗೆ ಒಂಬತ್ತು ಜನ.

ಆಮೇಲೆ ನಾನು ಓಂಕಾರಮೂರ್ತಿಯವರ ಬಳಿ ಹೋಗಿ ತಜ್ಞೆ ಹೇಳಿದ್ದನ್ನೆಲ್ಲ, ಮಿದುಳಿನ ಎಡ ಬಲ, ತಾಳ, ಕಟ್ಟಿದ ಕೈ, ಗೊತ್ತಿದ್ದ ಮಟ್ಟಿಗೆ ವಿವರಿಸಿದೆ. ಅವರು ಮನಸ್ಸಿಟ್ಟು ಕೇಳಿದರು. ನಿಜಕ್ಕೂ ನೊಂದುಕೊಂಡಂತೆ ಕಂಡರು.

“ಇದನ್ನ ಅವ್ನೇ ಯಾಕೆ ನನಗೆ ಹೇಳ್ಲಿಲ್ಲ?” ಎಂದರು.

ದೇವರ ಚಿತ್ರದ ಸ್ಟಿಕರ್ ಕಿತ್ತು ಬೇರೆ ಕಡೆ ಅಂಟಿಸಬಹುದಲ್ಲವೇ ಎಂದು ಕೇಳಿದೆ. “ಅಂಟ್ಸಿದ ದೇವ್ರನ್ನ ಕೀಳಾಕಾಗ್ತೈತೇನ್ರೀ?” ಎಂದರು. ಆಮೇಲೆ “ನೋಡಾನ” ಎಂದರು. ಇದನ್ನು ಬರೆಯುವ ಹೊತ್ತಿಗೆ ಬೇರೇನೂ ತಿಳಿದುಬಂದಿಲ್ಲ.

ಗುರುವಾರ ಬೆಳಿಗ್ಗೆ ಮತ್ತೆ ನಿಲ್ದಾಣಕ್ಕೆ ಹೋಗುತ್ತೇನೆ. ಹಳೇ ಬಸ್ಸಿಗೆ ಇನ್ನು ಒಂಬತ್ತು ದಿನ. ಡ್ರೈವರ್ ವೀರೇಶ ಚಹಾ ಕುಡಿಯುತ್ತಾ ರೇಗಿಸುತ್ತಾರೆ. “ಲೇ ತಗಡಪ್ಪ, ಪೇಪರ್‌ನಾಗೆ ಬಂದ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯೇನಲೇ?”

“ಈ... ಈಗೇನ್ ಮಾತಾಡ್ಸ್ತೀನೇನಲೇ?” ಎನ್ನುತ್ತಾರೆ ಹೊನ್ನೂರಸ್ವಾಮಿ. ವೀರೇಶ ಚಹಾ ಚೆಲ್ಲುವಂತೆ ನಗುತ್ತಾರೆ, ಇವರೂ ನಗುತ್ತಾರೆ.

ಹಿಂಬಾಗಿಲ ಪಕ್ಕದ ಆ ತಗಡನ್ನು ಹತ್ತಿರದಿಂದ ನೋಡುತ್ತೇನೆ. ಅಂಗೈ ಅಗಲದ ಜಾಗದಲ್ಲಿ ಬಣ್ಣ ಪೂರ್ತಿ ಹೋಗಿ, ತಗಡು ಒಳಕ್ಕೆ ಬಾಗಿ, ಬೆಳಗಿದ ತಟ್ಟೆಯಂತೆ ಹೊಳೆಯುತ್ತಿದೆ. ಮೂವತ್ತೊಂದು ವರ್ಷದಲ್ಲಿ ಎಷ್ಟು ಬಸ್ಸು ಹೀಗೆ ಬಗ್ಗಿಸಿದ್ದೀರಿ ಎಂದರೆ ಐದು ಬೆರಳು ತೋರಿಸುತ್ತಾರೆ. ತಪ್ಪು ಬಸ್ಸು ಹತ್ತಿಸಿದ್ದು? ಬೆರಳು ಮಡಚಿ ಮುಷ್ಟಿ ತೋರಿಸುತ್ತಾರೆ. ಒಬ್ಬರನ್ನೂ ಇಲ್ಲ.

ನಿಮ್ಮ ಆಸೆ ಏನು, ಎಂದು ಕೇಳುತ್ತೇನೆ. ಇಂಥ ಲೇಖನಗಳಲ್ಲಿ ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ. ಕೇಳುವಾಗ ನನಗೆ ನಾಚಿಕೆಯಾಗುತ್ತದೆ. ಉತ್ತರ ಉದ್ದದ ಮಾತಿರಬೇಕು. ಅವರು ಬಸ್ಸಿನ ಹತ್ತಿರ ಸರಿದು ಬಗ್ಗಿದ ಜಾಗದ ಮೇಲೆ ಎಡಗೈ ಇಡುತ್ತಾರೆ. ಎರಡು ಗಿಡ್ಡ, ಒಂದು ಎಳೆತ. ಊರು ಕೂಗುವ ಅದೇ ಧಾಟಿಯಲ್ಲಿ, ಆದರೆ ಮೆಲ್ಲಗೆ ಹೇಳುತ್ತಾರೆ.

“ಗುಜರಿಗ್ ಹಾಕೋ ಮುಂಚೆ, ಈ ತಗಡಷ್ಟು ಕೊಯ್ದ್ ಕೊಡ್ಲಿ, ಮನೆಗೆ ಒಯ್ತೀನಿ, ಅವ್ವನ ಮಂಚಕ್ಕೆ ಆನಿಸಿ ಇಡ್ತೀನಿ. ನಲವತ್ತೈದ್ ವರ್ಷಾತು, ಒಂದ್ ಮಾತು ಹೇಳ್ಬೇಕು. ಹೇಳಾಕೋದ್ರೆ ಉಗ್ಗ್ತೀನಿ, ಉಗ್ಗಿದ್ರೆ ಅವ್ವ ಅಳ್ತಾಳೆ, ನೋಡು ನಾನೇ ಮಾಡಿದ್ದು ಅಂತಾಳೆ. ತಗಡಿದ್ರೆ ಉಗ್ಗಂಗಿಲ್ಲ. ಒಂದೇ ಸಲ, ಸೀದಾ ಹೇಳ್ತೀನಿ. ಅವ್ವಾ, ಅದು ನಿನ್...”

ವೀರೇಶ ಗೇರು ಹಾಕಿದ್ದಾರೆ. ಆರೂ ಹತ್ತು. ಬಸ್ಸು ಕುಲುಕಿ ಮುಂದಕ್ಕೆ ಸರಿಯುತ್ತದೆ. ಅಂಗೈ ಕೆಳಗಿನಿಂದ ತಗಡು ಜಾರಿ ಹೋಗುತ್ತದೆ. ಮುಂದಿನ ಏಟು ಗಾಳಿಯಲ್ಲಿ ಬೀಳುತ್ತದೆ.

ಹೊನ್ನೂರಸ್ವಾಮಿ ಎತ್ತಿದ ಕೈಯನ್ನು ಇಳಿಸುವುದಿಲ್ಲ. ದವಡೆ ನಡುಗುತ್ತದೆ, ಕಣ್ಣು ಮುಚ್ಚುತ್ತದೆ. “ತ... ತ...” ಉಳಿದ ಪದ ಯಾವುದೆಂದು ನನಗೆ ಗೊತ್ತು, ಆದರೆ ಈ ಸಲ ನಾನು ಮುಗಿಸುವುದಿಲ್ಲ. ಬಸ್ಸು ನಿಲ್ದಾಣದ ಗೇಟು ದಾಟುತ್ತದೆ. ಹೋಟೆಲಿನವನು ಹಾಲಿನ ಪಾತ್ರೆ ಇಳಿಸಿ ಇತ್ತ ನೋಡುತ್ತಾನೆ. ಬಸ್ಸು ಪಾವಗಡ ರಸ್ತೆಗೆ ತಿರುಗುತ್ತದೆ, ಅದರ ಸದ್ದೂ ನಿಲ್ಲುತ್ತದೆ.

“ತಪ್ಪಲ್ಲ” ಎನ್ನುತ್ತಾರೆ.

ಆಮೇಲೆ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, ಮುಂದಿನ ಟ್ರಿಪ್ಪಿಗೆ ಆ ಬಸ್ಸು ತಿರುಗಿ ಬರುವವರೆಗೆ ಕಾಯಲು ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ.